ನಾಲ್ಕನೆಯ ಬಾಟಲಿ

ನನ್ನ ವಕೀಲಿಕೆಯಲ್ಲಿ ನಾನು ಅತಿ ಹೆಚ್ಚು ಸಿಟ್ಟು ಮಾಡಿಕೊಂಡದ್ದು ಎದುರು ಪಕ್ಷದವರ ಮೇಲಲ್ಲ, ನನ್ನದೇ ಕಕ್ಷಿದಾರಳ ಮೇಲೆ. ಅವಳು ನರ್ಸ್. ಯಳಂದೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ, ಮನೆ ಕಾಮಗೆರೆ ಹತ್ತಿರದ ಹಳ್ಳಿಯಲ್ಲಿ. ಅತ್ತೆಗೆ ಇನ್ಸುಲಿನ್ ಚುಚ್ಚಿ ಕೊಂದಳೆಂದು ಕೊಳ್ಳೇಗಾಲದ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು.

ಚುಚ್ಚಿದ್ದನ್ನು ಕಂಡವರು ಯಾರೂ ಇಲ್ಲ. ಇದ್ದದ್ದೆಲ್ಲ ಸಾಂದರ್ಭಿಕ ಸಾಕ್ಷ್ಯ. ಅತ್ತೆಗೂ ಸೊಸೆಗೂ ಆಗುತ್ತಿರಲಿಲ್ಲ. ಅವತ್ತು ಮನೆಯಲ್ಲಿ ಇಬ್ಬರೇ ಇದ್ದರು. ಆಸ್ಪತ್ರೆಗೆ ತಂದಾಗ ಮುದುಕಿಯ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಸೊಸೆಗೆ ಸೂಜಿ ಹಾಕುವುದು ಗೊತ್ತು. ಮೇಲಾಗಿ ಅವಳ ಫ್ರಿಜ್ಜಿನಲ್ಲಿ ನಾಲ್ಕು ಬಾಟಲಿ ಇನ್ಸುಲಿನ್ ಸಿಕ್ಕಿತ್ತು, ಆ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರೇ ಇರಲಿಲ್ಲ. ಸರ್ಕಾರಿ ವಕೀಲರು ಇವನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಹೇಳಿದಾಗ ನನಗೇ ಒಂದು ಗಳಿಗೆ ನಂಬಿಕೆ ಬಂದುಬಿಟ್ಟಿತ್ತು.

ಅತ್ತೆ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವರು. ಅವತ್ತು ಸೋಮವಾರ, ಉಪವಾಸ. ಹೊಟ್ಟೆಗೆ ಏನೂ ಹಾಕದೆ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ನಮ್ಮ ಕಡೆ ಹೀಗೆ ಮಾಡುವವರು ಬೇಕಾದಷ್ಟು ಜನ. ಶಿವನಿಗೂ ಡಾಕ್ಟರಿಗೂ ಒಟ್ಟಿಗೆ ನಡೆದುಕೊಳ್ಳುವ ಆಸೆ. ಅದರಿಂದಲೂ ಸಕ್ಕರೆ ಹಾಗೆ ಇಳಿಯಬಹುದೆಂದು ಪಾಟಿ ಸವಾಲಿನಲ್ಲಿ ಡಾಕ್ಟರು ಒಪ್ಪಿಕೊಂಡರು. ಉಳಿದದ್ದು ಆ ಬಾಟಲಿಗಳು.

ಬೀದಿಯಲ್ಲಿ ಸರಿಯಾಗಿ ನಡೆಯುವ ಫ್ರಿಜ್ಜು ಇದ್ದದ್ದು ಅವಳ ಮನೆಯಲ್ಲಿ. ಹಾಗಾಗಿ ಇನ್ಸುಲಿನ್ ಬೇಕಾದವರು ತಮ್ಮ ಬಾಟಲಿಯನ್ನು ಅಲ್ಲೇ ಇಟ್ಟು, ಹೊತ್ತಿಗೆ ಬಂದು ಚುಚ್ಚಿಸಿಕೊಂಡು ಹೋಗುತ್ತಿದ್ದರು. ಬಾಟಲಿಗಳ ಮೇಲೆ ಹೆಸರಿಲ್ಲ; ಯಾವುದು ಯಾರದೆಂದು ಅವಳಿಗೆ ಬಾಯಿಪಾಠ. ಪೊಲೀಸರು ಬಂದದ್ದೇ ತಡ, ಇಡೀ ಬೀದಿಯ ಸಕ್ಕರೆ ಕಾಯಿಲೆ ವಾಸಿಯಾಗಿಬಿಟ್ಟಿತು. ಮನೆ ಮನೆ ತಿರುಗಿ, ಬೈದು, ಗೋಗರೆದು ಮೂವರನ್ನು ಸಾಕ್ಷಿಗೆ ಒಪ್ಪಿಸಿದೆ. ನಾಲ್ಕನೆಯದು ಯಾರದೆಂದು ಕೇಳಿದರೆ, ಜಾಮೀನಿನ ಮೇಲೆ ಹೊರಗಿದ್ದ ಅವಳು ಬಾಯಿಯೇ ಬಿಡಲಿಲ್ಲ.

“ಅದೊಂದ್ ಕೇಳ್ಬ್ಯಾಡಿ ಮೇಡಂ. ಮಾತು ಕೊಟ್ಟಿವ್ನಿ.”

ಜೀವಾವಧಿ ಅಂದರೆ ಏನೆಂದು ಗೊತ್ತೇನೆ ಎಂದು ಆಫೀಸಿನ ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. ಅವಳು ಸೆರಗಿನ ತುದಿ ತಿರುವುತ್ತಾ ಕೂತಳು. ಯಾರದೂ ಅಲ್ಲದ ಬಾಟಲಿ ಅವಳದೇ ಎನ್ನಲು ಸರ್ಕಾರಿ ವಕೀಲರಿಗೆ ಇನ್ನೇನು ಬೇಕು?

ಬಿಡುವವಳು ನಾನಲ್ಲ. ಬಾಟಲಿಯ ಬ್ಯಾಚ್ ನಂಬರು ಬರೆದುಕೊಂಡು ಮೆಡಿಕಲ್ ಅಂಗಡಿಗಳನ್ನು ಸುತ್ತಲು ಹೊರಟೆ. ಕೊಳ್ಳೇಗಾಲ ಮುಗಿಸಿದೆ, ಹನೂರು ಮುಗಿಸಿದೆ. ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸ್ಕೂಟರಿನಲ್ಲಿ ತೆವಳಿಕೊಂಡು ಯಳಂದೂರು ಸೇರಿದೆ. ಅಲ್ಲಿ ಮೂರನೇ ಅಂಗಡಿಯವರು ಹಳೇ ಬಿಲ್ಲುಗಳನ್ನು ತಿರುವಿ ನೋಡಿ, ಇದನ್ನು ಒಬ್ಬ ಟೈಲರ್ ಒಯ್ಯುತ್ತಾರೆ, ತನಗಲ್ಲ, ಕಾಮಗೆರೆ ಕಡೆಗೆ ಕೊಟ್ಟ ಮಗಳಿಗೆ ಎಂದರು.

ಟೈಲರ್ ಮೊದಲು ಇಲ್ಲವೆಂದರು. ಆಮೇಲೆ ಅತ್ತರು. ಮಗಳಿಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಮುಚ್ಚಿಟ್ಟು ಮದುವೆ ಮಾಡಿದ್ದರು. ಅವರು ಕೊಟ್ಟ ಬಾಟಲಿಯನ್ನು ನರ್ಸು ಮಂಜುಗಡ್ಡೆ ಹಾಕಿದ ಟಿಫನ್ ಡಬ್ಬಿಯಲ್ಲಿ ಊರಿಗೆ ಒಯ್ಯುತ್ತಿದ್ದಳು. ಆ ಹುಡುಗಿ ಬೆಳಿಗ್ಗೆ ಸಂಜೆ ಏನಾದರೊಂದು ನೆಪ ತೆಗೆದು ಬಂದು ಚುಚ್ಚಿಸಿಕೊಳ್ಳುತ್ತಿದ್ದಳು. ನಿಜ ಹೇಳಿದರೆ ಮಗಳ ಸಂಸಾರ ಹೋಗುತ್ತದೆ ಎಂದು ಅವರು, ಹೇಳದಿದ್ದರೆ ಇನ್ನೊಬ್ಬಳು ಜೈಲಿಗೆ ಹೋಗುತ್ತಾಳೆ ಎಂದು ನಾನು. ಕೊನೆಗೆ, ಮಗಳಿಗೆ ಸಮನ್ಸ್ ಕಳಿಸುತ್ತೇನೆ ಎಂದು ಬಿರುಸಾಗಿಯೇ ಹೇಳಿ ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಬೇಸರ. ಆದರೂ ಮನಸ್ಸು ಬದಲಿಸಲಿಲ್ಲ.

ಸಮನ್ಸ್ ಬೇಕಾಗಲಿಲ್ಲ. ಟೈಲರ್ ಮಗಳಿಗೆ ವಿಷಯ ತಿಳಿಸಿದ್ದರಂತೆ. ವಾರದೊಳಗೆ ಆ ಹುಡುಗಿಯೇ ನನ್ನ ಆಫೀಸಿಗೆ ಬಂದು, ಸಾಕ್ಷಿ ಹೇಳುವುದು ಯಾವತ್ತು ಎಂದಷ್ಟೇ ಕೇಳಿದಳು.

ಆ ದಿನ ಅರ್ಧ ಊರು ಕೋರ್ಟಿನಲ್ಲಿತ್ತು. ಅವಳ ಗಂಡನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ನೆರೆಯವಳ ಪರವಾಗಿ ಹೆಂಡತಿ ನಾಲ್ಕು ಒಳ್ಳೆಯ ಮಾತು ಹೇಳುತ್ತಾಳೆ, ಅಷ್ಟೇ ಎಂದುಕೊಂಡಿದ್ದ. ಅವಳು ಸಾಕ್ಷಿ ಕಟ್ಟೆ ಹತ್ತಿ, ಬಾಟಲಿ ತನ್ನದು ಎಂದಳು. ನರ್ಸಿನ ಮೇಲಿನ ಅಕ್ಕರೆಗೆ ಸುಳ್ಳು ಹೇಳುತ್ತಿದ್ದೀಯ ಎಂದು ಸರ್ಕಾರಿ ವಕೀಲರು ಮೇಲೆಬಿದ್ದರು.

“ಸುಳ್ಳು ಏಳಿ ಸಂಸಾರ ಕಳ್ಕತೀನಾ ಸಾ? ಅಗೋ, ನಮ್ ಯಜಮಾನ್ರು ಅಲ್ಲೇ ಕುಂತವ್ರೆ. ನಂಗೆ ಸುಗರ್ ಅದೆ ಅಂತ ಅವ್ರಿಗೆ ಗೊತ್ತಾಯ್ತಿರೋದೇ ಈಗ.”

ಗಂಡ ಎದ್ದು ಹೊರಗೆ ಹೋದ. ಸರ್ಕಾರಿ ವಕೀಲರು ಇನ್ನು ಪ್ರಶ್ನೆ ಇಲ್ಲವೆಂದು ಕೂತರು. ತನಗೇ ನಷ್ಟವಾಗುವ ಮಾತನ್ನು ಗೊತ್ತಿದ್ದೂ ಆಡಿದವಳನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದು ತೀರ್ಪಿನಲ್ಲಿ ಬರೆದು ನ್ಯಾಯಾಧೀಶರು ನರ್ಸನ್ನು ಬಿಡುಗಡೆ ಮಾಡಿದರು. ಆ ಹುಡುಗಿ ಈಗ ಯಳಂದೂರಿನಲ್ಲಿ ಅಪ್ಪನ ಜೊತೆ ಹೊಲಿಗೆ ಹಾಕುತ್ತಾಳೆ. ಗಂಡ ಕರೆಯಲು ಬಂದಿಲ್ಲ. ಇದರಲ್ಲಿ ನನ್ನ ಪಾಲೂ ಇದೆ, ಇಲ್ಲವೆನ್ನಲಾರೆ. ಇನ್ನೊಮ್ಮೆ ಬಂದರೂ ಅದನ್ನೇ ಮಾಡುತ್ತೇನೆ.

ಸಾಕ್ಷಿ ಹೇಳಿದ ದಿನ, ಸಹಿ ಹಾಕಿಸುವ ಮುಂಚೆ ಅವಳ ಹೇಳಿಕೆಯನ್ನು ಓದಿ ಹೇಳಿಸಿ, ಎಲ್ಲ ಸರಿಯಾಗಿದೆಯೇನಮ್ಮ ಎಂದು ನ್ಯಾಯಾಧೀಶರು ಕೇಳಿದ್ದರು. ಗಂಡ ಹೋದ ಬಾಗಿಲ ಕಡೆ ಅವಳು ತಿರುಗಲಿಲ್ಲ. ಆರೋಪಿಯ ಕಟಕಟೆಯಲ್ಲಿ ನಿಂತವಳನ್ನು ನೋಡಿದಳು.

“ಒಂದ್ ಬುಟ್ಟೋಗದೆ ಸಾ. ನನ್ ಗುಟ್ಟು ಕಾಯಕ್ಕೆ ಈ ಅಕ್ಕ ಜೈಲ್ಗೋಗಕ್ಕೂ ಒಪ್ಕಂಡಿತ್ತು. ಅದ್ನೂ ಬರ್ಕಳಿ.”

ನ್ಯಾಯಾಧೀಶರು ಅದನ್ನೂ ಬರೆಸಿದರು.