ಎಲ್ರೂ ಬಂದ್ರಾ?

ಹೊಸ ಕ್ಯಾಮೆರಾ ಯಾವಾಗ ತಗೋತೀರಿ ಎಂದು ಕೇಳಿದವರಿಗೆಲ್ಲ ನನ್ನ ಹತ್ತಿರ ಒಂದಲ್ಲ ಒಂದು ಉತ್ತರ ರೆಡಿ ಇರುತ್ತಿತ್ತು. ಲೆನ್ಸ್ ಚೆನ್ನಾಗಿದ್ದರೆ ಸಾಕು, ಬಾಡಿ ಯಾವುದಾದರೇನು ಎನ್ನುತ್ತಿದ್ದೆ. ಶಟರ್ ಇನ್ನೂ ಗಟ್ಟಿಯಾಗಿದೆ ಎನ್ನುತ್ತಿದ್ದೆ. ಹಿಡಿಯುವ ಕಡೆಯ ರಬ್ಬರ್ ಕಿತ್ತುಬಂದಾಗ ನಾನೇ ಗಮ್ ಹಾಕಿ ಅಂಟಿಸಿದ್ದೆ. ಬೆಳಕು ಕಮ್ಮಿಯಿದ್ದರೆ ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಬರುತ್ತಿತ್ತು. ಆದರೂ ಬಿಡಲಿಲ್ಲ. ಕುಣಿಗಲಿನಲ್ಲಿ ಅಪ್ಪ ಬಿಟ್ಟುಹೋದ ಸ್ಟುಡಿಯೊ ನಡೆಸುವ ಹೆಂಗಸು ನಾನು, ಮದುವೆಯಾಗಿಲ್ಲ, ಹೇಳುವವರು ಕೇಳುವವರು ಇಲ್ಲ. ಹಟ ಮಾಡಿದರೆ ಯಾರಿಗೇನು ನಷ್ಟ ಅಂದುಕೊಂಡಿದ್ದೆ.

ನಿಜವಾದ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಲಿಂಗಾಯತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಣ್ಣು ಮಾಡಲು ಹೊರಡುವ ಮೊದಲು ಮನೆಯವರು ಸುತ್ತ ನಿಂತು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಥ ಮನೆಗಳಿಗೆ ಹೋಗಿ ಹೋಗಿ ನನಗೊಂದು ಮಾತು ಬಾಯಿಪಾಠವಾಗಿದೆ. ಕ್ಲಿಕ್ ಮಾಡುವ ಮುಂಚೆ ಕೇಳುತ್ತೇನೆ: “ಎಲ್ರೂ ಬಂದ್ರಾ? ಆಮೇಲೆ ನಾನ್ ಇರ್ಲಿಲ್ಲ ಅನ್ಬೇಡಿ.”

ನಾಲ್ಕು ವರ್ಷದ ಹಿಂದೆ ಅಮ್ಮ ಹೋದಾಗ ಬೇರೆ ಫೋಟೊಗ್ರಾಫರನ್ನು ಕರೆಯುವ ಯೋಚನೆಯೇ ಬರಲಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟರೆ ನನಗೆ ಅಳು ಬರುವುದಿಲ್ಲ, ಅದಕ್ಕೂ ಇರಬೇಕು. ಗುಬ್ಬಿಯಿಂದ ಬಂದ ಚಿಕ್ಕಮ್ಮ, ಅವರ ಮಕ್ಕಳು, ಸೋದರಮಾವ ಎಲ್ಲ ಅಮ್ಮನ ಎರಡೂ ಪಕ್ಕ ನಿಂತರು. ಎಲ್ರೂ ಬಂದ್ರಾ ಎಂದೆ. “ಬಂದ್ವಿ ಕಣೇ, ತೆಗಿ” ಎಂದರು ಚಿಕ್ಕಮ್ಮ. ತೆಗೆದೆ.

ಹನ್ನೊಂದನೇ ದಿನಕ್ಕೆ ಪ್ರಿಂಟ್ ಹಾಕಿ ಗೋಡೆಗೆ ನೇತುಹಾಕುವಾಗ ಗೊತ್ತಾಯಿತು, ಅದರಲ್ಲಿ ನಾನಿಲ್ಲ. ಅಮ್ಮನ ಜೊತೆ ಒಂದೇ ಮನೆಯಲ್ಲಿ ನಲವತ್ತೊಂದು ವರ್ಷ ಇದ್ದವಳು ನಾನು! ನೆಂಟರ ಮೇಲೆ ಉರಿದುಬಿದ್ದೆ. ಅವರಿಗೆ ನೆನಪಾಗದಿದ್ದರೆ ಹೋಗಲಿ, ನನಗೂ ಆಗಲಿಲ್ಲವಲ್ಲ. ಒಬ್ಬಳಿಗೆ ಅಡುಗೆ ಮಾಡುವುದು ಈಗ ಅಭ್ಯಾಸವಾಗಿದೆ, ಒಬ್ಬಳೇ ಕೂತು ಉಣ್ಣುವುದು ಇನ್ನೂ ಆಗಿಲ್ಲ. ಅಮ್ಮನನ್ನು ಕೊನೆಗೆ ನೋಡಿದ ಆ ಕ್ಯಾಮೆರಾ ಕೊಟ್ಟುಬಿಟ್ಟರೆ ಇನ್ನೇನು ಉಳಿಯುತ್ತದೆ ಎಂದು ಹೆದರಿ ಇಟ್ಟುಕೊಂಡಿದ್ದೆ.

ಕಳೆದ ತಿಂಗಳು ಅಮೃತೂರಿನ ಒಂದು ಮನೆಯಲ್ಲಿ ಅದು ಕೈಕೊಟ್ಟಿತು. ಅಜ್ಜಿಯೊಬ್ಬರನ್ನು ನಡುಮನೆಯಲ್ಲಿ ಕೂರಿಸಿದ್ದರು, ಕರೆಂಟ್ ಇರಲಿಲ್ಲ. ಮೂರು ಸಲ ಒತ್ತಿದರೂ ಫೋಕಸ್ ಸಿಗಲಿಲ್ಲ. ನಾಲ್ಕನೆಯದು ಸ್ಕ್ರೀನಿನಲ್ಲಿ ಸರಿಯಾಗಿಯೇ ಕಂಡಿತು, ಅವಸರದಲ್ಲಿ ದೊಡ್ಡದು ಮಾಡಿ ನೋಡದೆ ಹಾಗೆಯೇ ಪ್ರಿಂಟ್ ಹಾಕಿಸಿ ಅವರ ಮನೆಗೆ ಕಳಿಸಿದೆ. ವಾರದ ಮೇಲೆ ಅಜ್ಜಿಯ ಮಗಳು ಪ್ರಿಂಟ್ ಹಿಡಿದುಕೊಂಡು ಸ್ಟುಡಿಯೊಗೆ ಬಂದಳು. ಹಿಂದೆ ನಿಂತವರೆಲ್ಲ ಸ್ಪಷ್ಟವಾಗಿದ್ದರು.

“ಅಕ್ಕಾ, ನಮ್ಮವ್ವನ್ ಮುಖ ಒಂದೇ ಸರ್ಯಾಗ್ ಬಂದಿಲ್ವಲ್ಲಾ. ಏನಾದ್ರೂ ಮಾಡಕ್ಕಾಯ್ತದಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮಮ್ಮನ ನೆನಪಿಗೆಂದು ಹಟ ಹಿಡಿದು ಅವಳ ಅವ್ವನ ಮುಖ ಕಳೆದಿದ್ದೆ.

ಮಾರನೇ ದಿನವೇ ತುಮಕೂರಿನ ಬಸ್ ಹತ್ತಿದೆ. ಅಂಗಡಿಯವರು ಹೊಸ ಕ್ಯಾಮೆರಾ ಕೈಗಿಟ್ಟು, “ಕತ್ಲಲ್ಲೂ ಮುಖ ಅದೇ ಹುಡ್ಕುತ್ತೆ ಮೇಡಂ. ಫೋನಲ್ಲೇ ಕ್ಲಿಕ್ ಮಾಡ್ಬೋದು, ನೀವೂ ಗ್ರೂಪಲ್ಲಿ ನಿಂತ್ಕೋಬೋದು” ಎಂದರು.

“ಹಳೇದ್ರಲ್ಲೂ ಟೈಮರ್ ಇತ್ತು ಬಿಡಿ” ಎಂದೆ. ಮಾತು ಒರಟಾಗಿಯೇ ಬಂತು. ಪಾಪ, ಅವರದೇನು ತಪ್ಪು.

ಎಕ್ಸ್‌ಚೇಂಜಿಗೆ ತೆಗೆದುಕೊಳ್ಳುವ ಮೊದಲು ಹಳೆಯದು ಕೆಲಸ ಮಾಡುತ್ತದೆಯೇ ಎಂದು ನೋಡಬೇಕಂತೆ. ಒಂದು ಫೋಟೊ ತೆಗೆದು ತೋರಿಸಿ ಎಂದರು. ಅದನ್ನು ಕೌಂಟರ್ ಮೇಲಿಟ್ಟು, ಹತ್ತು ಸೆಕೆಂಡಿನ ಟೈಮರ್ ಹಾಕಿ, ಎದುರಿನ ಬಿಳಿ ಗೋಡೆಯ ಹತ್ತಿರ ಹೋಗಿ ನಿಂತೆ. ಕೆಂಪು ದೀಪ ಮಿಣುಕಿತು, ಆಮೇಲೆ ಬೇಗ ಬೇಗ ಮಿಣುಕಿ ಕ್ಲಿಕ್ ಎಂದಿತು.

ಅಂಗಡಿಯವರು ಸ್ಕ್ರೀನ್ ನೋಡಿ ನಕ್ಕರು. “ಏನ್ ಮೇಡಂ, ಇಷ್ಟು ವರ್ಷದಿಂದ ಫೋಟೊ ತೆಗೀತಿದೀರಾ, ಹಿಂಗೆ ಒಂದ್ ಮೂಲೇಲಿ ನಿಂತಿದೀರಲ್ಲಾ. ಈ ಕಡೆಯೆಲ್ಲಾ ಖಾಲಿ.”

ನಾನೂ ಬಗ್ಗಿ ನೋಡಿದೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ನಿಂತಿದ್ದೆ. ಆ ಫೋಟೊ ಇದ್ದ ಮೆಮೊರಿ ಕಾರ್ಡ್ ತೆಗೆದು ಪರ್ಸಿಗೆ ಹಾಕಿಕೊಂಡು ಕ್ಯಾಮೆರಾ ಕೊಟ್ಟೆ.