ಬಳೆಗೆ ತಾಕದ ಹಿಡಿಕೆ

ಇನ್ನೂ ಐದು ಗಂಟೆಯಾಗಿಲ್ಲ. ನಾಗಪುರದ ಅಜನಿ ಕಡೆಯ ಸಾಲುಮನೆಯೊಂದರ ಹಿತ್ತಲಲ್ಲಿ ಲಕ್ಷ್ಮವ್ವ ಎರಡೂ ಅಂಗೈಗೆ ಒಳ್ಳೆಣ್ಣೆ ಸವರಿಕೊಂಡು ನಿಂತಿದ್ದಾರೆ. ಒಂದೊಂದು ಕೈಗೂ ಒಂದೊಂದು ಡಜನ್ ಹಸಿರು ಗಾಜಿನ ಬಳೆ. ಎದುರಿನ ಗೋಡೆಗೆ ದಪ್ಪನೆಯ ಸಾಗವಾನಿ ಹಲಗೆಯೊಂದನ್ನು ಎದೆಮಟ್ಟಕ್ಕೆ ಬಡಿದಿದೆ. ಹಲಗೆಯ ನಡುವೆ ಕಿಟಕಿಯದೊಂದು ಹಿತ್ತಾಳೆ ಹಿಡಿಕೆ. ಕಿಟಕಿ ಮಾತ್ರ ಇಲ್ಲ. ಲಕ್ಷ್ಮವ್ವ ಹಿಡಿಕೆಯನ್ನು ತಿರುಗಿಸುತ್ತಾರೆ, ಬಿಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಅವರ ಗಂಡ ಮೌನಪ್ಪ ಬಡಿಗೇರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿಗೊಟ್ಟಿದ್ದಾರೆ.

“ಕಿಣ್ ಅಂತು,” ಅನ್ನುತ್ತಾರೆ ಮೌನಪ್ಪ.

“ಅದು ಬಳಿಗೆ ಬಳಿ ಬಡದಿದ್ದು. ಹಿಡಿಕಿಗಲ್ಲ.”

“ಖರೇನ?”

“ಮತ್ತೇನ್ ಸುಳ್ಳು ಹೇಳಲಿ? ಜಲ್ದಿ ಮಾಡ್ರಿ, ರೊಟ್ಟಿ ಬಡೀಬೇಕು ನಾನು.”

ನಲವತ್ತು ಸಲ ತಿರುಗಿದ ಮೇಲೆ ಆ ಹಿಡಿಕೆ ಪಾಸು. ಮೌನಪ್ಪ ಅದನ್ನು ಬಿಚ್ಚಿ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಹಲಗೆಗೆ ಕೂಡಿಸುತ್ತಾರೆ. ಗೋಡೆಯಾಚೆ ನೀರು ಹಿಡಿಯುವ ಹೆಂಗಸರು ಮುಸಿಮುಸಿ ನಗುತ್ತಾರೆ. ಮೊದಮೊದಲು ಗಂಡ ಹೆಂಡತಿಗೆ ಯಾರೋ ಮಾಟ ಮಾಡಿಸಿದ್ದಾರೆಂದೇ ವಠಾರದಲ್ಲಿ ಸುದ್ದಿಯಾಗಿತ್ತಂತೆ. ಈಗ ಎಲ್ಲರಿಗೂ ರೂಢಿಯಾಗಿದೆ. ಹಲಗೆಯ ಶಬ್ದ ಕೇಳಿದರೆ ಐದು ಗಂಟೆ ಎಂದು ತಿಳಿದು ಎದ್ದೇಳುವವರೂ ಇದ್ದಾರೆ.

ಮೌನಪ್ಪನವರಿಗೆ ಈಗ ಐವತ್ತಮೂರು. ಗದಗಿನ ಕಡೆಯವರು. ಹನ್ನೆರಡು ತುಂಬುವ ಮೊದಲೇ ಸೋದರಮಾವನ ಹಿಂದೆ ಕಂತ್ರಾಟಿನ ಕೆಲಸಕ್ಕೆಂದು ಇಲ್ಲಿಗೆ ಬಂದು, ಕಟ್ಟಿಗೆ ಹೊಟ್ಟಿನ ಗುಡ್ಡೆಯ ಮೇಲೆ ಮಲಗಿ, ಅಳತೆಪಟ್ಟಿಯ ಅಂಕಿಗಳಿಂದ ಶುರುಮಾಡಿ ಮರಾಠಿ ಕಲಿತರು. ಉಮರೇಡ್ ರಸ್ತೆಯಲ್ಲಿ ತೊಲೆ ಜಾರಿ ಎಡಗೈಯ ಎರಡು ಬೆರಳು ಜಜ್ಜಿಹೋದವು. ಆ ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಸರಕಾರಿ ಕಟ್ಟಡಗಳ ದುರಸ್ತಿ ನೋಡುವ ಒಂದು ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಬಡಗಿ. ಕಟ್ಟಡ ಉದ್ಘಾಟನೆಯಾದಾಗ ಹಾರ ಹಾಕಿಸಿಕೊಳ್ಳುವವರು ಬೇರೆ. ಹತ್ತು ವರ್ಷದ ಮೇಲೆ ಅದೇ ಕಟ್ಟಡದ ಬಾಗಿಲು ಕಿರುಗುಟ್ಟಿದಾಗ ನೆನಪಾಗುವವರು ಇವರು.

ನಾಗಪುರದಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಿಂತ ಒಂದು ಹೆರಿಗೆ ಆಸ್ಪತ್ರೆಯಿದೆ. ಯಾವ ದೊರೆ ಕಟ್ಟಿಸಿದನೋ, ಅದರ ಇಪ್ಪತ್ತೆರಡು ಕಿಟಕಿಗಳಿಗೂ ಜೋಡಿ ಗಾಜು. ಒಂದೇ ಚೌಕಟ್ಟಿನಲ್ಲಿ ಎರಡು ಗಾಜು, ಅವುಗಳ ನಡುವೆ ಒಂದು ಬೆರಳಗಲ ಗಾಳಿ. ಮುಚ್ಚಿದರೆ ಗೂಡ್ಸ್ ಗಾಡಿಯ ಕೂಗು ಪಿಸುಮಾತಾಗುತ್ತದೆ, ಇದ್ದಲ ಮಸಿ ತೊಟ್ಟಿಲಿಗೆ ಬೀಳುವುದಿಲ್ಲ, ವೈಶಾಖದ ಝಳ ಹೊರಗೇ ನಿಲ್ಲುತ್ತದೆ. ಆದರೆ ತೆರೆಯುವ ಹೊತ್ತಿಗೆ ತೆರೆಯದಿದ್ದರೆ ಒಳಗಿನ ಝಳವೂ ಒಳಗೇ ಕೂತುಬಿಡುತ್ತದೆ. ಅದಕ್ಕೇ ಅಲ್ಲೊಂದು ಪದ್ಧತಿ: ನಸುಕಿನ ಐದಕ್ಕೆ ಕಿಟಕಿ ತೆರೆಯಬೇಕು, ಎಂಟಕ್ಕೆ ಮುಚ್ಚಬೇಕು. ಸಂಜೆಗೆ ಮತ್ತೆ ತೆರೆದು, ಮಲಗುವ ಮುಂಚೆ ಮತ್ತೆ ಮುಚ್ಚಬೇಕು. ರಾತ್ರಿಪಾಳಿಗೆ ಇರುವುದು ಇಬ್ಬರೇ ಆಯಾ. ಬೆಳಿಗ್ಗೆ ಏಳು ಗಂಟೆಯವರೆಗೆ ಗಂಡಸರು ಒಳಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಯಾವ ಕಿಟಕಿಯ ಕೆಳಗೆ ಯಾರ ಮಂಚವಿದೆಯೋ, ನಡೆದಾಡಬಲ್ಲ ಆ ಹೆಂಗಸೇ ಅದನ್ನು ತೆರೆಯುತ್ತಾಳೆ. ದಿನಕ್ಕೆ ಎಂಬತ್ತೆಂಟು ಸಲ ಆ ಹಿಡಿಕೆಗಳು ತಿರುಗುತ್ತವೆ, ಬಹುಪಾಲು ಬಸುರಿ ಬಾಣಂತಿಯರ ಕೈಯಲ್ಲೇ.

ಹಿಡಿಕೆ ಆರಿಸುವುದೂ ಒಂದು ಕೆಲಸವೇ ಎಂದು ಮೌನಪ್ಪನವರ ಎದುರಿಗೆ ಮಾತ್ರ ಕೇಳಬೇಡಿ, ಅರ್ಧ ದಿನ ಹೋಗುತ್ತದೆ. “ಸಾದಾ ಕಿಡಕಿಗೆ ಯಾವ ಹಿಡಿಕಿ ಆದ್ರೂ ನಡೀತೈತ್ರಿ. ಇದು ಹಂಗಲ್ಲ. ಎರಡ್ ಗಾಜು ಹಿಡೀಬೇಕಲ್ಲ, ಅದಕ್ಕ ಮರ ದಪ್ಪ. ಅಂಗಡಿ ಹಿಡಿಕಿ ಕಂಬಿ ನಡುವ ನಿಂತ್ ಬಿಡ್ತೈತಿ, ಒಳಗಿನ ಅಗಳಿಗೆ ಮುಟ್ಟೂದ ಇಲ್ಲ,” ಎಂದು ಶುರುಮಾಡುತ್ತಾರೆ. ಕಂಬಿಯೆಂದರೆ ಹಿಡಿಕೆಯ ಹಿಂದಿನಿಂದ ಮರದೊಳಕ್ಕೆ ಹೋಗುವ ಚೌಕನೆಯ ಸರಳು. ಅದರ ಉದ್ದ ಸರಿಯಾಗಬೇಕು, ದಪ್ಪ ಸರಿಯಾಗಬೇಕು. ಎಡಕ್ಕೆ ತೆರೆಯುವ ಕಿಟಕಿಗೆ ಬಲಗೈ ಹಿಡಿಕೆ ತಂದರೆ ಅದು ತಲೆಕೆಳಗಾಗಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ರೂ ತೂತುಗಳು ಹಳೆಯ ತೂತಿನ ಮೇಲೇ ಕೂರಬೇಕು. “ಹೊಸಾ ತೂತು ಕೊರದ್ರ ಗಾಜಿಗೆ ಪೆಟ್ರಿ. ಒಂದ್ ಗಾಜು ಬಿರೀತು ಅಂದ್ರ ಎರಡೂ ಹೋದಂಗ. ನಡುವ ಧೂಳಿ ಹೊಕ್ರ ಒರಸಾಕ ಯಾವ್ ತಾಯಿ ಮಗನ ಕೈಗೂ ಸಿಗೂದಿಲ್ಲ.”

ಇಂಚಿನ ಎಂಟನೆಯ ಒಂದು ಪಾಲನ್ನು ಇಲ್ಲಿನ ಬಡಗಿಗಳು ಸೂತ ಅನ್ನುತ್ತಾರೆ. ಮೌನಪ್ಪ ಅರ್ಧ ಸೂತವನ್ನೂ ಬಿಡುವವರಲ್ಲ. ರಟ್ಟಿನ ಮೇಲೆ ಕಿಟಕಿಯ ಗುರುತು ಇಳಿಸಿಕೊಂಡು, ಕತ್ತರಿಸಿ, ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಂಗಡಿ ಸುತ್ತುತ್ತಾರೆ. ಎರಡು ವರ್ಷದ ಹಿಂದೆ ಮಧ್ಯಪ್ರದೇಶದ ರಾಜಧಾನಿ ನಾಗಪುರದಿಂದ ಭೋಪಾಳಕ್ಕೆ ಎದ್ದುಹೋದಾಗ ಖಾಲಿಯಾದ ಬಂಗಲೆಗಳಿಂದ ಜನ ಕುರ್ಚಿ, ಪರದೆ ತಂದುಕೊಂಡರೆ ಇವರು ಕೇಳಿ ತಂದದ್ದು ಮುರಿದ ಹಿಡಿಕೆಗಳನ್ನು. ಮಾದರಿಗೆ ಬೇಕಾಗುತ್ತವಂತೆ. ಅರವತ್ತೊಂದು ಇವೆ. “ನನ್ನ ತವರಮನಿ ಪೆಟಗ್ಯಾಗ ಸೀರಿಗಿಂತ ಹಿಡಿಕೀನ ಹೆಚ್ಚ್ ಅದಾವ್ರಿ,” ಎಂದು ಲಕ್ಷ್ಮವ್ವ ದೂರುತ್ತಾರೆ. ಆದರೆ ಪೆಟ್ಟಿಗೆಯ ಬೀಗದ ಕೈ ಇರುವುದು ಅವರ ಸೊಂಟದಲ್ಲೇ.

ಇಷ್ಟೆಲ್ಲ ಬಲ್ಲ ಮನುಷ್ಯ ಹೋದ ವರ್ಷ, ಐವತ್ತೇಳರ ಬೇಸಿಗೆಯಲ್ಲಿ, ದೊಡ್ಡದೊಂದು ತಪ್ಪು ಮಾಡಿದರು. ಅದನ್ನು ಅವರೇ ಹೇಳುತ್ತಾರೆ, ನಾವು ಕೆದಕಬೇಕಾಗಿಲ್ಲ.

ಆಸ್ಪತ್ರೆಯ ಹಳೆಯ ಬೀಡುಕಬ್ಬಿಣದ ಹಿಡಿಕೆಗಳು ಒಂದಾದ ಮೇಲೊಂದು ಮುರಿಯುತ್ತಿದ್ದವು. ಇಪ್ಪತ್ತೆರಡನ್ನೂ ಬದಲಿಸಲು ಅಪ್ಪಣೆಯಾಯಿತು, ಆಯ್ಕೆ ಮೌನಪ್ಪನವರದು. ಇತವಾರಿ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿ, ಅಲೀಗಢದಿಂದ ಬಂದ ಹಿತ್ತಾಳೆ ಹಿಡಿಕೆ ಆರಿಸಿದರು. ತುದಿ ಗಿಳಿಯ ಮೂಗಿನಂತೆ ಬಾಗಿದ ಚೆಂದದ ಹಿಡಿಕೆ. ಕಂಬಿ ಬರೋಬರ್, ತೂತು ಬರೋಬರ್. ಕೂಡಿಸಿದ ದಿನ ಬೆಣ್ಣೆಯ ಹಾಗೆ ತಿರುಗಿದವು. ಅಂದು ಮನೆಗೆ ಪೇಢೆ ತಂದಿದ್ದರು.

ಮೂರನೆಯ ದಿನ ನಸುಕಿನಲ್ಲಿ ರಮಾ ಎಂಬ ಚೊಚ್ಚಲ ಬಸುರಿ ತನ್ನ ಮಂಚದ ಮೇಲಿನ ಕಿಟಕಿ ತೆರೆಯಲು ಕೈ ಎತ್ತಿದಳು. ಅಂಚೆ ಕಚೇರಿಯ ಕನ್ನಡದ ಗುಮಾಸ್ತರೊಬ್ಬರ ಹೆಂಡತಿ, ಒಂಬತ್ತು ತುಂಬಿತ್ತು. ಕುಬಸದಲ್ಲಿ, ಎಂದರೆ ಸೀಮಂತದಲ್ಲಿ, ತವರಿನವರು ತೊಡಿಸಿದ ಹಸಿರು ಬಳೆ ಕೈತುಂಬ ಇದ್ದವು. ಹೆರಿಗೆಯ ಕೋಣೆಗೆ ಹೋಗುವಾಗಲೂ ಈ ಬಳೆ ತೆಗೆಯುವುದಿಲ್ಲ, ಮೇಲೆ ಬಟ್ಟೆ ಸುತ್ತುತ್ತಾರೆ. ಹಿಡಿಕೆಯ ಗಿಳಿಮೂಗು ಬಳೆಯೊಳಗೆ ತೂರಿಕೊಂಡಿತು. ತಿರುಗಿಸುತ್ತಿದ್ದಂತೆ ನಾಲ್ಕು ಬಳೆ ಚೂರಾದವು. ಹುಡುಗಿ ಚೂರುಗಳನ್ನು ಸೆರಗಿಗೆ ತುಂಬಿಕೊಂಡು ಅಳತೊಡಗಿದಳು. ಡಾಕ್ಟರಮ್ಮ ಬಂದು ಬಳೆಗೂ ಹೆರಿಗೆಗೂ ಸಂಬಂಧವಿಲ್ಲವೆಂದು ಎಷ್ಟು ಹೇಳಿದರೂ ಅಳು ನಿಲ್ಲಲಿಲ್ಲ. ಅಂದಿನಿಂದ ವಾರ್ಡಿನ ಒಬ್ಬ ಹೆಂಗಸೂ ಆ ಹಿಡಿಕೆಗಳಿಗೆ ಕೈ ಹಚ್ಚಲಿಲ್ಲ. ಆಯಾಗಳೂ ಅಷ್ಟೇ, ಅವರ ಕೈಯಲ್ಲೂ ಬಳೆಯಿದ್ದವಲ್ಲ.

ಏಳು ಗಂಟೆಗೆ ವಾರ್ಡಿನ ಆಳು ಬಂದು ಕಿಟಕಿ ತೆರೆಯುವಷ್ಟರಲ್ಲಿ ತಂಪೆಲ್ಲ ಕರಗಿಹೋಗಿರುತ್ತಿತ್ತು. ಜೋಡಿ ಗಾಜಿನೊಳಗೆ ಹಿಂದಿನ ದಿನದ ಝಳ ಹಾಗೇ ಉಳಿಯುತ್ತಿತ್ತು. ಬಾಣಂತಿಯರು ಬೆವರಿನಲ್ಲಿ ತೊಯ್ದರು, ಎಳೆಗೂಸುಗಳ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿತು. ದೂರು ಬಂತು: ಕಿಟಕಿ ತೆರೆಯುವುದಿಲ್ಲ. ಮೌನಪ್ಪ ಮಧ್ಯಾಹ್ನ ಹೋಗಿ ಎಲ್ಲ ಹಿಡಿಕೆ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಿದವು. ಹೆಂಗಸರಿಗೆ ಸೋಮಾರಿತನ ಎಂದುಕೊಂಡು ಬಂದುಬಿಟ್ಟರು. ಹೀಗೆ ಹನ್ನೊಂದು ದಿನ. ಆ ಹನ್ನೊಂದು ದಿನದ ಲೆಕ್ಕ ಹೇಳುವಾಗ ಇವತ್ತಿಗೂ ಅವರ ದನಿ ಇಳಿಯುತ್ತದೆ.

ಕೊನೆಗೆ ಹೇಳಿದ್ದು ಆಯಾ ಗಂಗೂಬಾಯಿ. ಸೊಲ್ಲಾಪುರದವಳು, ಕನ್ನಡವೂ ಬರುತ್ತದೆ, ಮುಲಾಜೂ ಇಲ್ಲ. “ಮಿಸ್ತ್ರಿ, ನೀ ಕಿಡಕಿ ಅಳತಿ ಬರೋಬರ್ ತಗೊಂಡಿ. ತಗಿಯೂ ಕೈ ಅಳತಿ ಯಾರ್ ತಗೋಬೇಕು?” ಎಂದು ತನ್ನ ಬಳೆಗೈಯನ್ನು ಅವರ ಮುಖದ ಮುಂದೆ ಹಿಡಿದಳು.

ಅಂದು ಮನೆಗೆ ಬಂದವರೇ ಗಿಳಿಮೂಗಿನ ಹಿಡಿಕೆಯೊಂದನ್ನು ಹಲಗೆಗೆ ಕೂಡಿಸಿ ಹೆಂಡತಿಗೆ ತಿರುಗಿಸಲು ಹೇಳಿದರು. ಮೊದಲನೆಯ ಸಲಕ್ಕೇ ಬಳೆ ಸಿಕ್ಕಿಕೊಂಡಿತು. ಲಕ್ಷ್ಮವ್ವ ಮೆಲ್ಲಗೆ ಬಿಡಿಸಿಕೊಂಡು, “ಮೂವತ್ ವರ್ಸ ಆತು ಈ ಕೈಲೆ ನಿಮಗ ರೊಟ್ಟಿ ಬಡದು ಹಾಕಾಕ ಹತ್ತಿ. ಇದರಾಗ ಬಳಿ ಐತಿ ಅಂತ ಇವತ್ತ ಕಂಡ್ತೇನ್ರಿ?” ಎಂದರು. ಬೈದದ್ದಲ್ಲ. ಮೌನಪ್ಪನವರಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮರುದಿನ ಇತವಾರಿಯ ಕಬ್ಬಿಣದ ಅಂಗಡಿಗಳು ಹಿಂದೆಂದೂ ಕಾಣದ್ದನ್ನು ಕಂಡವು. ಕಚ್ಚೆಸೀರೆಯ ಹೆಂಗಸೊಬ್ಬಳು ಎಣ್ಣೆಯ ಸಣ್ಣ ಗಿಂಡಿ ಹಿಡಿದು, ಬಳೆಗೈಯಲ್ಲಿ ಒಂದೊಂದೇ ಹಿಡಿಕೆ ತಿರುಗಿಸಿ ನೋಡುತ್ತಿದ್ದಾಳೆ, ಬಡಗಿ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾನೆ. ಎಣ್ಣೆ ಲಕ್ಷ್ಮವ್ವನವರದೇ ವಿಚಾರ. ಬಾಣಂತಿಯ ಕೈ ಎಂದರೆ ಎಣ್ಣೆಗೈ. ದುಂಡನೆಯ ಹಿಡಿಕೆ ಜಾರಿತು. ಗಿಡ್ಡನೆಯದು ಭಾರವಾಯಿತು: ಎರಡು ಗಾಜಿನ ಕಿಟಕಿಯನ್ನು ಹಸಿ ಬಾಣಂತಿ ಅದರಿಂದ ಎಳೆಯಲಾರಳು. ಏಳನೆಯ ಅಂಗಡಿಯಲ್ಲಿ, ಧೂಳು ಹಿಡಿದ ಡಬ್ಬಿಯ ತಳದಲ್ಲಿ, ನೀಳವಾದ ಸಾದಾ ಹಿಡಿಕೆಯೊಂದು ಸಿಕ್ಕಿತು. ಅದರ ತುದಿ ಒಳಗೆ, ಗಾಜಿನ ಕಡೆಗೇ ಹೊರಳಿತ್ತು. ಬಳೆ ಅದರ ಮೇಲೆ ಜಾರಿಹೋಯಿತು, ಒಂದೂ ತೊಡಕಲಿಲ್ಲ. ಚೆಂದವೇನಿಲ್ಲ. ತೂತು ಬರೋಬರ್, ಕಂಬಿ ಮಾತ್ರ ಮೂರು ಸೂತ ಗಿಡ್ಡ. ಅದನ್ನು ಕಮ್ಮಾರನಲ್ಲಿ ಉದ್ದ ಮಾಡಿಸಬಹುದು ಎಂದರು ಮೌನಪ್ಪ.

ಆದರೆ ಹೊಸದಾಗಿ ಕೂಡಿಸಿದ ಹಿಡಿಕೆಗಳನ್ನು ಮತ್ತೆ ಬದಲಿಸಲು ಕಾರಣ ಬರೆದುಕೊಡಬೇಕಿತ್ತು. ಓವರ್‌ಸಿಯರ್ ಬಿಂದುಮಾಧವರಾಯರು ಧಾರವಾಡದವರು, ಮೌನಪ್ಪನವರ ಮೇಲೆ ವಿಶ್ವಾಸ. ಆ ವರ್ಷ ಹಿರಿಯ ಮಿಸ್ತ್ರಿಯ ಜಾಗಕ್ಕೆ ಇವರ ಹೆಸರನ್ನು ಕಳಿಸಿದ್ದವರೂ ಅವರೇ. “ಬಡಿಗೇರ, ಮಾಲು ಖರಾಬ್ ಇತ್ತು ಅಂತ ಬರದ್ಬಿಡೋಣ. ಅಂಗಡಿಯವನ ಮ್ಯಾಲೆ ಹೋಗ್ತದ. ಇಲ್ಲಾಂದ್ರ ನಿನಗ ಜಾಗಾ ಸಿಗೂದಿಲ್ಲ ನೋಡು,” ಎಂದರು.

“ಮಾಲು ಚಲೋ ಇತ್ರಿ ಸಾಹೇಬ್ರ,” ಎಂದರು ಮೌನಪ್ಪ. “ಆರಿಸಿದಾಂವ ತಪ್ಪಿದ. ಹಂಗ ಬರೀರಿ.”

ರಾಯರು ಹಾಗೇ ಬರೆದರು. ರಾಜಧಾನಿ ಬದಲಾಗಿ ಯಾವ ಕಾಗದ ಯಾವ ಊರಿಗೆ ಹೋಗಬೇಕೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಕಾಲ. ಹಿಡಿಕೆಗೆ ಒಪ್ಪಿಗೆ ಬರಲು ಒಂಬತ್ತು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮೌನಪ್ಪ ಗಿಳಿಮೂಗುಗಳಿಗೆಲ್ಲ ಗೋಣಿನಾರು ಬಿಗಿದು ಸುತ್ತಿ ದಿನ ದೂಡಿದರು. ಹಿರಿಯ ಮಿಸ್ತ್ರಿಯ ಜಾಗ ಬೇರೆಯವರಿಗೆ ಹೋಯಿತು, ಆ ಸುದ್ದಿ ಬರಲು ಮಾತ್ರ ಒಂಬತ್ತೇ ದಿನ ಸಾಕಾಯಿತು. ಬೇಸರವಾಗಲಿಲ್ಲವೇ ಎಂದರೆ, “ಆಗ್ಲಿಲ್ಲ ಅಂದ್ರ ಸುಳ್ಳಾಕ್ಕೈತ್ರಿ. ಎಂಟ್ ದಿನ ಊಟ ಸೇರ್ಲಿಲ್ಲ. ಆಮ್ಯಾಲೆ ಸೇರಿತು,” ಎನ್ನುತ್ತಾರೆ.

ರಮಾಳಿಗೆ ಹೆಣ್ಣು ಕೂಸು, ಸುಖವಾದ ಹೆರಿಗೆ. ಲಕ್ಷ್ಮವ್ವ ಬಳೆಗಾರನಿಂದ ಹಸಿರು ಬಳೆ ಕೊಂಡು, ತವರಿನವರ ಹಾಗೆ ತಾವೇ ಹೋಗಿ ತೊಡಿಸಿ ಬಂದರು. ಮೌನಪ್ಪ ಮಾತ್ರ ಬಾಗಿಲ ಹೊರಗೇ ನಿಂತಿದ್ದರಂತೆ, ಮುಖ ತೋರಿಸಲು ನಾಚಿಕೆಯಾಗಿ. ಅಂದಿನಿಂದ ಅವರು ಆರಿಸುವ ಪ್ರತಿಯೊಂದು ಹಿಡಿಕೆಯೂ, ಯಾವ ಕಟ್ಟಡದ್ದೇ ಆಗಿರಲಿ, ಮೊದಲು ಹಿತ್ತಲ ಹಲಗೆಗೆ ಬರುತ್ತದೆ.

ಹೊಸ ಹಿಡಿಕೆಗಳನ್ನು ಕಳೆದ ತಿಂಗಳು, ಈ ವರ್ಷದ ಬಿಸಿಲು ಏರುವ ಮೊದಲೇ, ಕೂಡಿಸಿ ಮುಗಿಸಿದರು. ಮಾರನೆಯ ನಸುಕಿಗೆ ಆಸ್ಪತ್ರೆಯ ಗೇಟಿನ ಬೇವಿನ ಮರದ ಕೆಳಗೆ ಹೋಗಿ ಕೂತರು. ಒಳಗೆ ಹೋಗಲು ಬಿಡುವುದಿಲ್ಲ, ಬಿಡಬಾರದು ಎಂದು ಅವರೂ ಒಪ್ಪುತ್ತಾರೆ. ಸಿಸ್ಟರ್ ಸತ್ಯಭಾಮಾ ಕನಿಕರಪಟ್ಟು ಲಕ್ಷ್ಮವ್ವನವರನ್ನು ಮಾತ್ರ ಒಳಗೆ ಬಿಟ್ಟರು. ಅರ್ಧ ಗಂಟೆಯ ಮೇಲೆ ಲಕ್ಷ್ಮವ್ವ ಹೊರಗೆ ಬಂದಾಗ ಮೌನಪ್ಪ ಎದ್ದು ನಿಂತರು.

“ಏನಂದ್ರು?”

“ಗಾಳಿ ತಣ್ಣಗ ಐತಿ ಅಂದ್ರು. ಕೂಸು ಮಲಗೇತಿ, ಗದ್ಲಾ ಮಾಡಬ್ಯಾಡ್ರಿ ಅಂದ್ರು.”

“ಹಿಡಿಕಿಗೆ ಏನಂದ್ರು?”

“ತಿರುವಿ ಕಿಡಕಿ ತಗದ್ರು. ಹಿಡಿಕಿ ಕಡೆ ಯಾರೂ ನೋಡ್ಲೇ ಇಲ್ರಿ.”

ಮೌನಪ್ಪನವರಿಗೆ ಕಣ್ಣು ತುಂಬಿ ಬಂತು. ಮಡಚದ ಬೆರಳುಗಳ ಕೈಯಿಂದಲೇ ಒರೆಸಿಕೊಂಡು, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬ ಹಾಗೆ ಇನ್ನೊಮ್ಮೆ ಕೇಳಿದರು:

“ಇಪ್ಪತ್ತೆರಡೂ ಕಿಡಕಿಗೆ ಹಂಗ?”

“ಇಪ್ಪತ್ತೆರಡಕ್ಕೂ,” ಎಂದರು ಲಕ್ಷ್ಮವ್ವ.