ಹಚ್ಚುವ ಸಫೇದಾ

"ನಿಂಬೆವ್ವ ಎರೆದ ಕೂಸು ರಾತ್ರಿ ಅಳೂದಿಲ್ಲ ನೋಡ್ರಿ" ಎಂದು ನಿಂಬರ್ಗಾದ ಹೆಂಗಸರು ಹೇಳುತ್ತಿದ್ದರು. "ಅಳಾಕ ತ್ರಾಣರೆ ಎಲ್ಲಿ ಉಳೀತದ, ಆಪರಿ ತಿಕ್ಕತಾಳ!" ಎಂದು ನೆರೆಯ ಗುರಮ್ಮ ನಗುತ್ತಿದ್ದಳು.

ನಿಜಾಮರ ಆಳ್ವಿಕೆಯ ಕಾಲವದು. ಗಂಡ ತೀರಿದ ಮೇಲೆ ಮಂದಿಯ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದೇ ನಿಂಬೆವ್ವನ ಬದುಕಾಗಿತ್ತು. ಕಾಲು ಚಾಚಿ ಕುಳಿತಳೆಂದರೆ ಎಂಥ ಹಟಮಾರಿ ಕೂಸೂ ಆಕೆಯ ಕಾಲ ಮೇಲೆ ತೆಪ್ಪಗಾಗುತ್ತಿತ್ತು.

ಒಂದು ಬೇಸಿಗೆ ಸಕ್ಕುಬಾಯಿಯ ಎರಡು ವರ್ಷದ ಮಗ ಚಂದ್ರಾಮನಿಗೆ ಮೈತುಂಬ ಬೆವರುಗುಳ್ಳೆ ಎದ್ದು ಹುಣ್ಣಾದವು. ಜೇವರ್ಗಿಯ ದವಾಖಾನೆಯಲ್ಲಿ ಇಂಥದಕ್ಕೆ ಬಿಳಿ ಪುಡಿ ಹಚ್ಚುತ್ತಾರೆ, ಸಫೇದಾ ಅನ್ನುತ್ತಾರೆ ಎಂದು ಅಲ್ಲಿಗೆ ಕೊಟ್ಟ ತನ್ನ ಮಗಳು ಹೇಳಿದ್ದು ನಿಂಬೆವ್ವನಿಗೆ ನೆನಪಾಯಿತು. ನೆಟ್ಟಗೆ ನಾಗಣ್ಣನ ಅಂಗಡಿಗೆ ಹೋದಳು.

"ಸಫೇದಾ ಅದ ಏನೋ ನಾಗಣ್ಣ?"

"ಅದ. ಯಾತಕ್ಕಬೇ?"

"ಹಚ್ಚಾಕ."

ಮೈಗೆ ಔಷಧವಾದರೂ ಹಚ್ಚುವುದೇ, ಬಾಗಿಲಿಗೆ ಬಣ್ಣವಾದರೂ ಹಚ್ಚುವುದೇ; ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ. ನಾಗಣ್ಣ ಬಾಗಿಲಿಗೆ ಎಂದುಕೊಂಡು ಕಟ್ಟಿಕೊಟ್ಟ.

ಬೆಣ್ಣೆಯಲ್ಲಿ ಕಲಸಿ ಹಚ್ಚಿದ ಮೇಲೆ ಹುಣ್ಣು ಒಣಗಿದವು. ಮತ್ತೆ ಏಳಬಾರದೆಂದು ನಿಂಬೆವ್ವ ದಿನಾ ಹಚ್ಚುತ್ತಲೇ ಇದ್ದಳು. ಹುಡುಗ ಕೈಗೆ ಅಂಟಿದ್ದನ್ನು ನೆಕ್ಕುತ್ತಿದ್ದ. "ಬೆಣ್ಣಿಗಳ್ಳ!" ಎಂದು ಸಕ್ಕುಬಾಯಿ ನಗುತ್ತಿದ್ದಳು. ಗುರಮ್ಮ ತನ್ನ ಮೊಮ್ಮಗಳಿಗೂ ಹಚ್ಚಿಸಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಚಂದ್ರಾಮ ಬಿಳಿಚಿಕೊಂಡ. ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದ. ಓಡಾಡುತ್ತಿದ್ದವನು ನಡಿಗೆ ಮರೆತ. ದೃಷ್ಟಿ ಬಡಿದಿದೆ ಎಂದರು ಎಲ್ಲರೂ. ನಿಂಬೆವ್ವನೇ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಪಾಪ, ಇನ್ನಷ್ಟು ಅಕ್ಕರೆಯಿಂದ ಸಫೇದಾ ಹಚ್ಚಿದಳು. ಒಂದು ಮುಂಜಾನೆ ಮೈ ಸೆಟೆಯಿತು, ಕಣ್ಣು ಮೇಲಾದವು. ಮಧ್ಯಾಹ್ನ ಮಣ್ಣು ಮಾಡಿ ಬಂದರು.

ಕೆಲವು ದಿನಗಳ ಮೇಲೆ ಗುರಮ್ಮನ ಮೊಮ್ಮಗಳಿಗೆಂದು ನಿಂಬೆವ್ವ ಮತ್ತೆ ಅಂಗಡಿಗೆ ಹೋದಳು.

"ನಿನ್ನ ಗುಡಸಲಕ್ಕ ಎಷ್ಟ ಬಾಗಲಾ ಅದಾವಬೇ?" ನಾಗಣ್ಣ ಚೇಷ್ಟೆ ಮಾಡಿದ.

"ಬಾಗಲಕ್ಕಲ್ಲೋ. ಕೂಸಿಗಿ ಹಚ್ಚಾಕೋ."

ನಾಗಣ್ಣನ ಕೈ ತಕ್ಕಡಿಯ ಮೇಲೇ ನಿಂತಿತು. "ಯವ್ವಾ, ಇದು ಬಣ್ಣದ ಸಫೇದಾ. ಸೀಸದ್ದು. ದವಾಖಾನಿದು ಬ್ಯಾರೆ. ವಿಷಬೇ ಇದು!"

ನಿಂಬೆವ್ವ ಓಡಿದಳು. ಗುರಮ್ಮನ ಅಂಗಳದಲ್ಲಿ ಹುಡುಗಿಯನ್ನು ಕಸಿದುಕೊಂಡು ಸೀಗೆಕಾಯಿ ಹಾಕಿ ತೊಳೆದಳು, ಚರ್ಮ ಕೆಂಪಾಗುವಷ್ಟು ತೊಳೆದಳು. ಅಲ್ಲಿಂದ ಸಕ್ಕುಬಾಯಿಯ ಹೊಸ್ತಿಲಿಗೆ ಹೋಗಿ ಕುಳಿತಳು.

"ದೃಷ್ಟಿ ಅಲ್ಲ ತಂಗಿ. ನಾನಽ ಕೊಂದೇನಿ."

ಎಲ್ಲ ಕೇಳಿದ ಸಕ್ಕುಬಾಯಿ ಬೈಯಲಿಲ್ಲ. "ನೀ ಹಚ್ಚುವಾಗ ಅವನ ಕಾಲು ನಾನಽ ಹಿಡಕೊಂಡಿದ್ದೆ" ಎಂದಳು.

ಗುರಮ್ಮನ ಮೊಮ್ಮಗಳು ಉಳಿದಳು, ಆದರೆ ಮಾತು ತೊದಲಾಯಿತು. ನಿಂಬೆವ್ವನನ್ನು ಎರೆಯಲು ಆಮೇಲೆ ಯಾರೂ ಕರೆಯಲಿಲ್ಲ. ಕರೆದಿದ್ದರೂ ಆಕೆ ಹೋಗುತ್ತಿರಲಿಲ್ಲ.

ಚಳಿಗಾಲದಲ್ಲಿ ಮಗಳು ಜೇವರ್ಗಿಯಿಂದ ಬಂಡಿ ತಂದಳು. "ನಡಿ ಯವ್ವಾ, ನನ್ನ ಕೂಸಿಗಿ ಯಾರು ಎರೀಬೇಕು?"

"ಬರ್ತೇನಿ. ಬೀಸತೇನಿ, ಕಸಾ ಹೊಡೀತೇನಿ. ಎರಿಯೂದಿಲ್ಲ."

ನಿಂಬೆವ್ವ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಬಂಡಿ ಹತ್ತುವಾಗ ಮಗಳು ಕೂಸನ್ನು ಆಕೆಯತ್ತ ಚಾಚಿದಳು. ನಿಂಬೆವ್ವ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಳು.

"ನೀನಽ ಹಿಡ್ಕೊಬೇ" ಎಂದಳು.